ಕೆಲಸ ಬೇರೆ, ರಿಜಿಸ್ಟ್ರೇಷನ್ ಬೇರೆ!

ಡ್ರಗ್ ಟೆಸ್ಟಿನಲ್ಲಿ ‘ಪಾಸಿಟಿವ್’ ಬಂದ ನರ್ಸ್ ಮೊದಲು ಮಾಡಬೇಕಾದ್ದೇನು, ಮಾಡಬಾರದ್ದೇನು?

ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಈಗ ಯಾವ ಊರಿಗೆ ಹೋದರೂ ಒಂದಾದರೂ ‘ನರ್ಸಮ್ಮನ ಮನೆ’ ಸಿಗುತ್ತದೆ. ಒಬ್ಬಳು ಬೆಳಗಿನ ರೈಲು ಹತ್ತಿ ಮೈಸೂರಿನ ನರ್ಸಿಂಗ್ ಹೋಮಿಗೆ ಹೋಗುತ್ತಾಳೆ. ಇನ್ನೊಬ್ಬಳು ಬೆಂಗಳೂರಿನ ಪಿ.ಜಿ.ಯಲ್ಲಿದ್ದುಕೊಂಡು ನೈಟ್ ಡ್ಯೂಟಿ ಮಾಡುತ್ತಾಳೆ. ದುಬೈ, ಮಸ್ಕತ್ ಕಡೆ ಹೋದವರೂ ಇದ್ದಾರೆ. ಕಬ್ಬಿನ ದುಡ್ಡು ಬರುವುದು ತಡವಾದರೂ ಈ ಹುಡುಗಿಯ ಸಂಬಳ ಮಾತ್ರ ತಿಂಗಳು ತಿಂಗಳು ಮನೆಗೆ ಬರುತ್ತದೆ. ತಮ್ಮನ ಫೀಸು, ಅಪ್ಪನ ಬಿ.ಪಿ. ಮಾತ್ರೆ ಎಲ್ಲ ಅದರಲ್ಲೇ.

ಹೀಗಿರುವಾಗ ಒಂದು ದಿನ ಆಸ್ಪತ್ರೆಯವರು ಮೂತ್ರ ಪರೀಕ್ಷೆ ಮಾಡಿಸಿ, “ಸಿಸ್ಟರ್, ನಿಮ್ಮದು ಪಾಸಿಟಿವ್ ಬಂದಿದೆ, ನಾಳೆಯಿಂದ ಬರಬೇಡಿ” ಅಂದುಬಿಟ್ಟರೆ? ನೆಲವೇ ಕುಸಿದ ಹಾಗಾಗುತ್ತದೆ. ಆ ಗಾಬರಿಯಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಮುಂದಿಟ್ಟ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿ, ಬ್ಯಾಗ್ ಎತ್ತಿಕೊಂಡು ಊರಿನ ಬಸ್ಸು ಹತ್ತುವುದು. ಮನೆಯವರೂ ಅಷ್ಟೇ, “ಯಾರ್ಗೂ ಹೇಳ್ಬ್ಯಾಡ ಕಣವ್ವ, ಸುಮ್ನೆ ಬಂದ್ಬುಡು” ಅನ್ನುತ್ತಾರೆ. ಬರುವ ವೈಶಾಖದೊಳಗೆ ಒಂದು ಗಂಡು ನೋಡಿ ಮದುವೆ ಮುಗಿಸುತ್ತಾರೆ. ಸಾಲ ಮಾಡಿ ಓದಿಸಿದ ನರ್ಸಿಂಗ್ ಸರ್ಟಿಫಿಕೇಟು ಟ್ರಂಕಿನ ತಳ ಸೇರುತ್ತದೆ.

ಸ್ವಲ್ಪ ತಾಳಿ. ಆಸ್ಪತ್ರೆ ನಿಮಗೆ ಕೊಟ್ಟಿದ್ದು ಕೆಲಸ ಮಾತ್ರ. ನರ್ಸ್ ಎಂಬ ರಿಜಿಸ್ಟ್ರೇಷನ್ ಕೊಟ್ಟಿದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ಅದು 1961ರ ಕಾಯಿದೆಯಂತೆ ನಡೆಯುವ ಸಂಸ್ಥೆ. ಆಸ್ಪತ್ರೆಯವರು ಕೆಲಸದಿಂದ ತೆಗೆಯಬಹುದು, ಆದರೆ ಕೌನ್ಸಿಲ್‌ನ ರಿಜಿಸ್ಟರಿನಿಂದ ಹೆಸರು ಹೊಡೆದು ಹಾಕುವ ಅಧಿಕಾರ ಅವರಿಗಿಲ್ಲ. ಅದಾಗಬೇಕಾದರೆ ಕೌನ್ಸಿಲ್‌ಗೆ ದೂರು ಹೋಗಬೇಕು, ನಿಮಗೆ ನೋಟಿಸ್ ಬರಬೇಕು, ನಿಮ್ಮ ಮಾತು ಕೇಳಬೇಕು. 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯಿದೆಯ ಬದಲಿಗೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆ ಮಾಡಿದೆ. ಅದರಲ್ಲೂ ವೃತ್ತಿಯ ತಪ್ಪನ್ನು ವಿಚಾರಿಸುವ ಅಧಿಕಾರ ಇರುವುದು ರಾಜ್ಯದ ಆಯೋಗಕ್ಕೇ ಹೊರತು ಆಸ್ಪತ್ರೆಯ ಎಚ್.ಆರ್. ಮೇಡಂಗಲ್ಲ!

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಬ್ಬಂದಿಗೆ ಡ್ರಗ್ ಟೆಸ್ಟ್ ಮಾಡಿಸಿದ್ದು ಅಷ್ಟಾಗಿ ಕೇಳಿಬರುವುದಿಲ್ಲ, ನಿಜ. ಆದರೆ ಹೊರದೇಶದ ಕೆಲಸಕ್ಕೆ ಸೇರುವಾಗ, ಕೆಲವು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ, ಇಲ್ಲವೇ ವಾರ್ಡಿನಲ್ಲಿ ನೋವಿನ ಇಂಜೆಕ್ಷನ್ನಿನ ಆಂಪ್ಯೂಲ್ ಲೆಕ್ಕ ತಪ್ಪಿದಾಗ ಈ ಮಾತು ಏಳುತ್ತದೆ. ಏಳುವ ಮೊದಲೇ ತಿಳಿದಿರುವುದು ಒಳ್ಳೆಯದಲ್ಲವೇ?

ಗಸಗಸೆ ಪಾಯಸದ ಗ್ರಹಚಾರ

ನಗಬೇಡಿ, ಇದು ತಮಾಷೆಯಲ್ಲ. ಬೀಗರೂಟ ಇರಲಿ, ಹಬ್ಬ ಇರಲಿ, ನಮ್ಮಲ್ಲಿ ಗಸಗಸೆ ಪಾಯಸಕ್ಕೆ ಇರುವ ಮರ್ಯಾದೆ ಗೊತ್ತೇ ಇದೆ. ಬಾಡಿನ ಮಸಾಲೆಗೂ ಒಂದು ಚಮಚ ಗಸಗಸೆ ಬೀಳದಿದ್ದರೆ ಸಾರು ಮಂದ ಬರುವುದಿಲ್ಲ. ಪಾಯಸ ಕುಡಿದು ಮಧ್ಯಾಹ್ನ ಚಾಪೆ ಹಾಸಿದರೆ ಸಂಜೆಯವರೆಗೂ ಎಚ್ಚರವಿಲ್ಲ ಎಂದು ನಾವೇ ನಗುತ್ತೇವೆ. ಈ ಗಸಗಸೆ ಬರುವುದು ಅಫೀಮಿನ ಗಿಡದ ಕಾಯಿಯಿಂದಲೇ. ಬೀಜದೊಳಗೆ ಅಮಲು ಇಲ್ಲ, ಆದರೆ ಕಾಯಿಯ ಹಾಲು ತಗುಲಿ ಬೀಜದ ಮೇಲೆ ಸ್ವಲ್ಪ ಮಾರ್ಫಿನ್ ಅಂಟಿರುತ್ತದೆ. ತಿಂದು ಒಂದೆರಡು ದಿನದೊಳಗೆ ಮೂತ್ರ ಪರೀಕ್ಷೆ ಮಾಡಿದರೆ ಅದು ಸಿಕ್ಕಿಬಿಡಬಹುದು.

ಅಮೆರಿಕದಲ್ಲಿ ಇದೇ ಕಾರಣಕ್ಕೆ ಸರ್ಕಾರಿ ನೌಕರರ ಪರೀಕ್ಷೆಯ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300 ನ್ಯಾನೋಗ್ರಾಮ್‌ನಿಂದ 2000ಕ್ಕೆ ಏರಿಸಿದರು. ಅಷ್ಟಾದರೂ ಅಲ್ಲಿನ ರಕ್ಷಣಾ ಇಲಾಖೆ 2023ರ ಫೆಬ್ರುವರಿಯಲ್ಲಿ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಎಂದು ಎಚ್ಚರಿಸಿತು. ಇನ್ನು ಯು.ಎ.ಇ., ಸಿಂಗಪುರದಲ್ಲಿ ಗಸಗಸೆ ತರುವುದಕ್ಕೇ ನಿಷೇಧ. ಮಗಳು ದುಬೈನಲ್ಲಿ ಬಾಯಿ ಕೆಟ್ಟು ಕೂತಿದ್ದಾಳೆ ಎಂದು ಸಾಂಬಾರ ಪುಡಿ, ಹಪ್ಪಳದ ಜೊತೆ ಗಸಗಸೆ ಪೊಟ್ಟಣ ಕಟ್ಟಿ ಕಳಿಸುವ ಅಮ್ಮಂದಿರೇ, ದಯವಿಟ್ಟು ಬೇಡ! ಮನೆಯಲ್ಲಿ ಮಾಡಿದ ಮಸಾಲೆ ಪುಡಿಗೆ ಗಸಗಸೆ ಹಾಕಿದ್ದರೆ ಅದೂ ಬೇಡ. ನಾಲ್ಕು ಚಮಚ ಪುಡಿಗಾಗಿ ಮಗಳು ವಿಮಾನ ನಿಲ್ದಾಣದಲ್ಲಿ ಪೊಲೀಸರ ಮುಂದೆ ನಿಲ್ಲುವುದು ಬೇಕೇ?

ಔಷಧಿಗಳದ್ದು ಇನ್ನೊಂದು ಕಥೆ. ಮೊದಲು ಮಾಡುವ ಪಟ್ಟಿ ಪರೀಕ್ಷೆ ಬರೀ ಜರಡಿ ಇದ್ದ ಹಾಗೆ. ಅದು ಒಂದನ್ನು ನೋಡಿ ಇನ್ನೊಂದು ಎಂದುಕೊಳ್ಳುವುದುಂಟು. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್, ಮೂತ್ರದ ಸೋಂಕಿಗೆ ಕೊಡುವ ಲೀವೋಫ್ಲಾಕ್ಸಸಿನ್‌ನಂಥ ಮಾತ್ರೆಗಳು ಕೆಲವು ಕಿಟ್‌ಗಳಲ್ಲಿ ಅಫೀಮಿನ ಹಾಗೆ ತೋರಿವೆ. ನೆಗಡಿಗೆ ನುಂಗುವ ಸ್ಯೂಡೋಎಫೆಡ್ರಿನ್ ಮಾತ್ರೆ ಬೇರೊಂದು ಅಮಲು ವಸ್ತುವಿನ ಹಾಗೆ ಕಾಣಬಹುದು. ಆದ್ದರಿಂದಲೇ ಎರಡನೆಯ, ಖಚಿತಪಡಿಸುವ ಪರೀಕ್ಷೆ ಇರುವುದು. ದೊಡ್ಡ ಲ್ಯಾಬುಗಳಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ ಎನ್ನುವ ಯಂತ್ರದಲ್ಲಿ ಮಾಡುತ್ತಾರೆ. ರಿಫಾಂಪಿಸಿನ್ ತಂದ ಗೊಂದಲ ಅಲ್ಲಿ ತೀರಿಹೋಗುತ್ತದೆ.

ಆದರೆ ಒಂದು ಸೂಕ್ಷ್ಮ ಗಮನಿಸಿ. ಗಸಗಸೆಯಿಂದ ಬಂದದ್ದು ನಿಜವಾದ ಮಾರ್ಫಿನ್ನೇ. ಕೋಡೀನ್ ಇರುವ ಕೆಮ್ಮಿನ ಸಿರಪ್ ಕುಡಿದರೂ ಅದು ಮೈಯೊಳಗೆ ಸ್ವಲ್ಪ ಮಾರ್ಫಿನ್ ಆಗುತ್ತದೆ. ಇವು ಎರಡನೆಯ ಪರೀಕ್ಷೆಯಲ್ಲೂ ಹೌದು ಎಂದೇ ಬರುತ್ತವೆ. ಅಲ್ಲಿ ನಿಮ್ಮ ಕೈ ಹಿಡಿಯುವುದು ಯಂತ್ರವಲ್ಲ, ಎಷ್ಟು ಪ್ರಮಾಣ ಇತ್ತು ಎಂಬ ಅಂಕಿ, ಡಾಕ್ಟರ ಚೀಟಿ, ಔಷಧಿ ಅಂಗಡಿಯ ಬಿಲ್ಲು. ಬೆನ್ನುನೋವಿಗೆ ಟ್ರಮಡಾಲ್, ನಿದ್ದೆಗೆ ಆಲ್ಪ್ರಜೋಲಮ್ ಎಂದು ಸ್ನೇಹಿತೆಯ ಸ್ಟ್ರಿಪ್ಪಿನಿಂದ ಕಿತ್ತು ನುಂಗುವ ಅಭ್ಯಾಸ ನರ್ಸ್‌ಗಳಲ್ಲಿ ಇದೆಯಲ್ಲ, ಅದನ್ನು ಇವತ್ತೇ ಬಿಡಿ. ಟ್ರಮಡಾಲ್ 2018ರಿಂದ ನಮ್ಮ ದೇಶದಲ್ಲೂ ಮಾದಕ ವಸ್ತು ಕಾಯಿದೆಯ ಕೆಳಗೆ ಬಂದಿದೆ.

ಆ ದಿನ ಏನು ಮಾಡಬೇಕು?

ರಾಜೀನಾಮೆಗೆ ಸಹಿ ಹಾಕಬೇಡಿ. “ಇವತ್ತೇ ಕೊಟ್ಟರೆ ಕ್ಲೀನಾಗಿ ಕಳಿಸುತ್ತೇವೆ, ಇಲ್ಲದಿದ್ದರೆ ಪೊಲೀಸಿಗೆ ಹೇಳುತ್ತೇವೆ” ಎಂದರೂ ಸರಿ, ಒಂದು ದಿನ ಸಮಯ ಕೇಳಿ. ತಪ್ಪೊಪ್ಪಿಗೆ ಎಂದು ಏನನ್ನೂ ಬರೆದುಕೊಡಬೇಡಿ. ಬದಲಿಗೆ ನೀವೇ ಒಂದು ಕಾಗದ ಬರೆಯಿರಿ: ಕಳೆದ ಎರಡು ವಾರದಲ್ಲಿ ತೆಗೆದುಕೊಂಡ ಔಷಧಿ, ತಿಂದ ಗಸಗಸೆ, ಮಾಡಿಸಿಕೊಂಡ ಆಪರೇಷನ್, ಹಲ್ಲು ಕೀಳಿಸಿದ್ದು, ಎಲ್ಲವನ್ನೂ ತಾರೀಖಿನ ಸಮೇತ. ಅದೇ ಮಾದರಿಯನ್ನು ಎರಡನೆಯ ಪರೀಕ್ಷೆಗೆ ಕಳಿಸಿ ಎಂದು ಲಿಖಿತವಾಗಿ ಕೇಳಿ, ವರದಿಯ ಪ್ರತಿ ಕೇಳಿ, ಕಾಗದ ಮುಟ್ಟಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ತಡ ಮಾಡಬೇಡಿ. ಅಫೀಮಿನ ಜಾತಿಯವು ಎರಡು-ಮೂರು ದಿನದಲ್ಲಿ ಮೂತ್ರದಿಂದ ಹೋಗಿಬಿಡುತ್ತವೆ. ವಾರ ಬಿಟ್ಟು ಬೇರೆ ಲ್ಯಾಬಿನಲ್ಲಿ ಹೊಸದಾಗಿ ಕೊಟ್ಟು ‘ನೆಗೆಟಿವ್’ ತಂದರೆ ಅದನ್ನು ಯಾರೂ ಒಪ್ಪುವುದಿಲ್ಲ.

ಬಾಟಲಿಗೆ ನಿಮ್ಮ ಎದುರಿಗೇ ಸೀಲು ಹಾಕಿ ಹೆಸರು ಬರೆದರೇ? ಸಹಿ ಪಡೆದರೇ? ಎಷ್ಟು ಗಂಟೆಗೆ? ಇದನ್ನೂ ಬರೆದಿಡಿ. ನೀವು ದಿನಾ ಸ್ಯಾಂಪಲ್ ಕಳಿಸುವವರೇ, ಎಲ್ಲಿ ಅದಲುಬದಲು ಆಗುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಸರ್ಕಾರಿ ಕಾಯಂ ನೌಕರಿಯಲ್ಲಿದ್ದರೆ 1957ರ ಸಿ.ಸಿ.ಎ. ನಿಯಮಗಳಿವೆ. ಅಮಾನತು ಮಾಡಬಹುದು, ಆದರೆ ಆರೋಪ ಪಟ್ಟಿ ಕೊಟ್ಟು ಇಲಾಖಾ ವಿಚಾರಣೆ ನಡೆಸದೆ ವಜಾ ಮಾಡುವ ಹಾಗಿಲ್ಲ. ಗುತ್ತಿಗೆಯಲ್ಲಿ, ಖಾಸಗಿಯಲ್ಲಿ ಇರುವವರಿಗೆ ಇಷ್ಟು ಗಟ್ಟಿ ರಕ್ಷಣೆ ಇಲ್ಲ. ಅವರು ನೇಮಕದ ಆದೇಶದಲ್ಲಿ ಪರೀಕ್ಷೆಯ ಬಗ್ಗೆ ಏನು ಬರೆದಿದೆ ಎಂದು ಮೊದಲು ಓದಬೇಕು.

ವಕೀಲರಿಗೆ ದುಡ್ಡೆಲ್ಲಿ ಎಂದಿರಾ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಕಡೆ ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿ. ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿ. ಜಮೀನಿನ ವ್ಯಾಜ್ಯಕ್ಕೆ ಮಾತ್ರ ಕೋರ್ಟು ಎಂದುಕೊಂಡಿರುವ ನಮ್ಮ ಕಡೆಯ ಹೆಂಗಸರಿಗೆ ಈ ವಿಷಯ ಯಾರೂ ಹೇಳುವುದೇ ಇಲ್ಲ.

ನಿಜವಾಗಿಯೂ ಚಟ ಇದ್ದರೆ?

ಇಷ್ಟು ಹೊತ್ತು ಹೇಳಿದ್ದು ತಪ್ಪು ಮಾಡದವರ ಕಥೆ. ಇನ್ನೊಂದು ಬಗೆಯವರೂ ಇರುತ್ತಾರೆ. ಹನ್ನೆರಡು ಗಂಟೆ ನಿಂತು ಕಾಲು ಬಾತು, ನಿದ್ದೆ ಬಾರದೆ, ಒಂದು ರಾತ್ರಿ ಕೈಗೆ ಸಿಕ್ಕ ನೋವಿನ ಇಂಜೆಕ್ಷನ್ ತಾವೇ ಚುಚ್ಚಿಕೊಂಡವರು. ಫೋರ್ಟ್‌ವಿನ್‌ನಂಥದ್ದು ಆಸ್ಪತ್ರೆಯಲ್ಲಿ ಕೈಗೆಟುಕುವ ಹಾಗೇ ಇರುತ್ತದೆ, ಚುಚ್ಚುವುದೂ ಬರುತ್ತದೆ. ಒಂದು ರಾತ್ರಿ ಹತ್ತು ರಾತ್ರಿಯಾಗುತ್ತದೆ. ಇಂಥ ಹುಡುಗಿಯನ್ನು “ಮನೆತನದ ಮಾನ ಕಳೆದಳು” ಎಂದು ಬೈದು ಕೋಣೆಯಲ್ಲಿ ಕೂರಿಸಿದರೆ ಚಟ ಹೋಗುವುದಿಲ್ಲ, ಜೀವ ಹೋದೀತು. ಮದುವೆಯಂತೂ ಇದಕ್ಕೆ ಔಷಧಿಯೇ ಅಲ್ಲ. ಆ ಕಡೆಯ ಹುಡುಗ ಏನು ಪಾಪ ಮಾಡಿದ್ದ?

2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ, ಮಾದಕ ವಸ್ತುವಿನ ದುರ್ಬಳಕೆಯಿಂದ ಬರುವ ತೊಂದರೆಯನ್ನೂ ಮಾನಸಿಕ ಕಾಯಿಲೆ ಎಂದೇ ಲೆಕ್ಕಕ್ಕೆ ಹಿಡಿದಿದೆ. ಚಿಕಿತ್ಸೆಯ ವಿವರ ಗುಟ್ಟಾಗಿಡುವ ಹಕ್ಕನ್ನೂ ಕೊಟ್ಟಿದೆ. 1985ರ ಮಾದಕ ವಸ್ತು ಕಾಯಿದೆಯ 27ನೇ ಕಲಮಿನಂತೆ ಸೇವಿಸುವುದು ಅಪರಾಧ. ಮಾರ್ಫಿನ್, ಹೆರಾಯಿನ್, ಕೊಕೇನ್ ಆದರೆ ಒಂದು ವರ್ಷದವರೆಗೆ ಜೈಲು ಇಲ್ಲವೇ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಅದೇ ಕಾಯಿದೆಯ 64ಎ ಕಲಮು, ಚಟಕ್ಕೆ ಬಿದ್ದವರು ತಾವಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆದರೆ ಈ ಶಿಕ್ಷೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಆಸ್ಪತ್ರೆಯ ಬೀರುವಿನಿಂದ ಕದ್ದಿದ್ದರೆ, ರೋಗಿಗೆ ಕೊಡಬೇಕಾದ್ದನ್ನು ತಾನು ತೆಗೆದುಕೊಂಡು ನೀರು ಚುಚ್ಚಿದ್ದರೆ ಅದು ಬೇರೆಯೇ ಲೆಕ್ಕ. ಅದಕ್ಕೆ ಈ ಕಲಮು ಅಡ್ಡ ಬರುವುದಿಲ್ಲ, ಬರಬಾರದು ಕೂಡ. ನೋವಿನಿಂದ ನರಳುವ ರೋಗಿಯೂ ಯಾರದೋ ಅಮ್ಮನಲ್ಲವೇ?

ಚಿಕಿತ್ಸೆಗೆ ದೂರ ಹೋಗಬೇಕಿಲ್ಲ. ಮಂಡ್ಯದ ಮಿಮ್ಸ್‌ನಲ್ಲಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಗುರುತು ಸಿಕ್ಕೀತು ಎಂದು ನಾಚಿಕೆಯಾದರೆ ಮೊದಲು ಫೋನಿನಲ್ಲಿ ಮಾತಾಡಿ. 14416 ಟೆಲಿ ಮನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು. 14446 ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ.

ವಾಪಸ್ ಕೆಲಸಕ್ಕೆ ಹೋಗಬಹುದೇ? ಖಂಡಿತ. ಅಮೆರಿಕದ ಫ್ಲೋರಿಡಾದಲ್ಲಿ 1983ರಲ್ಲೇ ಇಂಥ ನರ್ಸ್‌ಗಳಿಗೆಂದು ಒಂದು ಏರ್ಪಾಡು ಶುರುವಾಯಿತು. ಆಮೇಲೆ ಬೇರೆ ರಾಜ್ಯಗಳೂ ಹಿಡಿದವು. ಲೈಸೆನ್ಸ್ ಕಿತ್ತುಕೊಳ್ಳುವ ಬದಲು ಚಿಕಿತ್ಸೆ, ಹಲವು ವರ್ಷ ಹೇಳದೆ ಕೇಳದೆ ಮೂತ್ರ ಪರೀಕ್ಷೆ, ಕೆಲವು ಕಾಲ ಅಮಲಿನ ಔಷಧಿಯ ಬೀರುವಿನ ಕೀಲಿ ಕೈಗಿಲ್ಲ. ಅಲ್ಲಿ ಇರುವಷ್ಟು ದಿನ ಗಸಗಸೆ ಹಾಕಿದ ಬನ್ನನ್ನೂ ಮುಟ್ಟಬಾರದು! ನಮ್ಮ ಕೌನ್ಸಿಲ್‌ಗಳಲ್ಲಿ ಇಂಥದ್ದಿನ್ನೂ ಬೇರೂರಿಲ್ಲ. ಬೇರೂರಬೇಕು ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ನೀವೇ ಆ ಏರ್ಪಾಡು ಮಾಡಿಕೊಳ್ಳಬಹುದು. ಡಾಕ್ಟರಿಂದ ಚಿಕಿತ್ಸೆ ಮುಗಿಸಿದ ಪತ್ರ, ಆಮೇಲಿನ ಪರೀಕ್ಷೆಗಳ ವರದಿ ಒಂದು ಫೈಲಿನಲ್ಲಿ ಸೇರುತ್ತಾ ಹೋಗಲಿ. ಮರಳಿ ಸೇರುವಾಗ ಐ.ಸಿ.ಯು., ಅರಿವಳಿಕೆಯ ಕಡೆ ಹೋಗದೆ ಹೊರರೋಗಿ ವಿಭಾಗ, ಲಸಿಕೆ, ಡಯಾಲಿಸಿಸ್, ನರ್ಸಿಂಗ್ ಶಾಲೆಯ ಪಾಠ, ಇಂಥವನ್ನು ಕೇಳಿ ಪಡೆಯಿರಿ. ನೈಟ್ ಡ್ಯೂಟಿ ಒಂದಷ್ಟು ದಿನ ಬೇಡ.

ಕೌನ್ಸಿಲ್‌ನಿಂದ ನೋಟಿಸ್ ಬಂದರೆ ಅದನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಡಬೇಡಿ. ಹೇಳಿದ ದಿನದೊಳಗೆ ಆ ಫೈಲಿನ ಪ್ರತಿಯ ಸಮೇತ ಉತ್ತರ ಕೊಡಿ, ಸುಳ್ಳು ಬೇಡ. ಹೊರದೇಶಕ್ಕೆ ಅರ್ಜಿ ಹಾಕುವಾಗ ‘ಗುಡ್ ಸ್ಟ್ಯಾಂಡಿಂಗ್’ ಸರ್ಟಿಫಿಕೇಟ್ ಕೊಡುವುದೂ ಇದೇ ಕೌನ್ಸಿಲ್. ಅರ್ಜಿಯಲ್ಲಿ ಹಿಂದೆ ಶಿಸ್ತುಕ್ರಮ ಆಗಿದೆಯೇ ಎಂದು ಕೇಳಿದಾಗ ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ, ಹಳೆಯ ಪರೀಕ್ಷೆಗಿಂತ ಈ ಸುಳ್ಳೇ ಭಾರವಾಗುತ್ತದೆ. ಹಾಗೆಯೇ ಮನೆಯಲ್ಲಿ ಕೂತಿರುವ ಅವಧಿಯಲ್ಲಿ ರಿಜಿಸ್ಟ್ರೇಷನ್ ನವೀಕರಣದ ತಾರೀಖು ದಾಟಿಹೋಗದ ಹಾಗೆ ನೋಡಿಕೊಳ್ಳಿ. ಟ್ರಂಕಿನ ತಳದಲ್ಲಿರುವ ಆ ಸರ್ಟಿಫಿಕೇಟ್ ತೆಗೆದು ಕೊನೆಯ ದಿನ ಯಾವುದೆಂದು ಒಮ್ಮೆ ಓದಿ, ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.