ಬೀದಿಗಳನ್ನೂ ಪಾಳುಮನೆಗಳನ್ನೂ ಪಟ ತೆಗೆದವನು

ನಮ್ಮ ನಡುಮನೆಯ ಗೋಡೆಯ ಮೇಲೆ ಒಂದು ಹಳೆಯ ಪಟವುಂಟು. 1971ರಲ್ಲಿ, ನನ್ನ ಸೋದರತ್ತೆಯ ಮದುವೆಯ ಮರುದಿನ ಅದನ್ನು ತೆಗೆಯಿಸಿದರು. ಮೂರು ಸಾಲುಗಳಲ್ಲಿ ಮೂವತ್ತೆಂಟು ಮಂದಿ ಇರುವರು. ಹಿರಿಯರು ಕುರ್ಚಿಗಳ ಮೇಲೆ, ಹೆಂಗಸರು ಅವರ ಹಿಂದೆ, ಮಕ್ಕಳು ನೆಲದ ಮೇಲೆ. ಎಡದಿಂದ ಮೂರನೆಯವನಾಗಿ ಮೂಗಿನ ಮೇಲೆ ಕೈಯಿಟ್ಟುಕೊಂಡಿರುವ ಹುಡುಗನು ನಾನೇ. ಇವರೆಲ್ಲರ ಬೆನ್ನಹಿಂದೆ ನಮ್ಮ ಮನೆಯಿತ್ತು. ಇತ್ತು ಎಂದೆನೇ ಹೊರತು ಕಾಣುತ್ತದೆ ಎನ್ನಲಿಲ್ಲ. ದೊಡ್ಡಪ್ಪನವರ ಪೇಟದ ಮೇಲೆ ಒಂದು ಕಂಬದ ಬೋದಿಗೆ, ಬಲದ ಅಂಚಿನಲ್ಲಿ ತಲೆಬಾಗಿಲಿನ ಒಂದು ತೋಳು, ಇಷ್ಟೇ ಪಟದಲ್ಲಿ ಉಳಿದಿರುವ ಮನೆ. 1998ರಲ್ಲಿ ಅದು ಮಾರಾಟವಾಯಿತು; ಕೊಂಡವರು ಅದೇ ಬೇಸಗೆಯಲ್ಲಿ ಕೆಡವಿದರು. ಬಾಗಿಲವಾಡದ ಮೇಲೆ ಕೆತ್ತಿದ್ದ ಪದ್ಮಗಳು ಐದೆಂದು ನಾನೂ ಏಳೆಂದು ನನ್ನ ತಮ್ಮನೂ ಇಂದಿಗೂ ವಾದಿಸುವೆವು. ತೀರ್ಪು ಹೇಳುವ ಸಾಕ್ಷಿಯು ಎಲ್ಲಿಯೂ ಇಲ್ಲ. ಜನರ ಮುಖಗಳನ್ನು ಉಳಿಸಿಕೊಳ್ಳಬೇಕೆಂಬುದು ನಮಗೆ ತೋಚಿತ್ತು. ಬಾಗಿಲನ್ನೂ ಉಳಿಸಿಕೊಳ್ಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಕಳೆದ ವರ್ಷ ನನ್ನ ಮಗಳು ಒಂದು ದಪ್ಪನೆಯ ಚಿತ್ರಪುಸ್ತಕವನ್ನು ತಂದು ನನ್ನ ಮುಂದಿಟ್ಟಳು. ಪುಟ ತಿರುವಿದಂತೆಲ್ಲ ಬಾಗಿಲುಗಳು, ಮೆಟ್ಟಿಲುಗಳು, ಜನರಿಲ್ಲದ ಬೀದಿಗಳು, ಒಳ ಅಂಗಳಗಳು, ಬಾಗಿಲು ತಟ್ಟುವ ಹಿತ್ತಾಳೆಯ ಬಳೆಗಳು. ಇವೆಲ್ಲವೂ ಪ್ಯಾರಿಸ್ ನಗರದವು. ಅವನ್ನು ತೆಗೆದವನ ಹೆಸರು ಯೂಜೀನ್ ಅಟ್ಜೆ. ಆ ನಗರವನ್ನು ನಾನು ಕಂಡವನಲ್ಲ, ಕಾಣುವ ಆಸೆಯೂ ಈಗ ಉಳಿದಿಲ್ಲ. ಆದರೂ ಆ ಬಾಗಿಲುಗಳ ಮುಂದೆ ಮೂರು ದಿನ ಕುಳಿತೆನು. ಆತನ ವಿಚಾರವಾಗಿ ಓದಿ ತಿಳಿದುದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಅಟ್ಜೆಯು ಹುಟ್ಟಿದುದು 1857ರಲ್ಲಿ, ಫ್ರಾನ್ಸಿನ ನೈಋತ್ಯ ಭಾಗದ ಲಿಬೂರ್ನ್ ಎಂಬ ಊರಿನಲ್ಲಿ. ಬಾಲ್ಯದಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ತಾಯಿಯ ತೌರಿನವರ ಆಶ್ರಯದಲ್ಲಿ ಬೆಳೆದನು. ಕೆಲಕಾಲ ಹಡಗಿನ ಕೆಲಸ; ಆಮೇಲೆ ಪ್ಯಾರಿಸಿಗೆ ಬಂದು ನಾಟಕಶಾಲೆಯನ್ನು ಸೇರಿದನು. ಸೈನ್ಯದ ಕಡ್ಡಾಯ ಸೇವೆಯೂ ನಾಟಕದ ವಿದ್ಯೆಯೂ ಒಟ್ಟಿಗೆ ಸಾಗದೆ ಶಾಲೆಯಿಂದ ಹೊರಬೀಳಬೇಕಾಯಿತು. ಊರೂರು ಸುತ್ತುವ ಮಂಡಳಿಯೊಂದರಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸುತ್ತಿರುವಾಗ ಕಂಠಕ್ಕೆ ರೋಗ ತಗುಲಿ 1887ರಲ್ಲಿ ಆ ವೃತ್ತಿಯೂ ತಪ್ಪಿತು. ಚಿತ್ರ ಬರೆಯಲು ಯತ್ನಿಸಿದನು, ಅದೂ ಕೈಹತ್ತಲಿಲ್ಲ. ಕಟ್ಟಕಡೆಗೆ, ಹೊಟ್ಟೆಯ ಪಾಡಿಗಾಗಿ, ಛಾಯಾಚಿತ್ರದ ಯಂತ್ರವನ್ನು ಹಿಡಿದನು. ಮನೆಯ ಬಾಗಿಲಿಗೆ ‘ಕಲಾವಿದರಿಗೆ ಬೇಕಾದ ದಾಖಲೆಗಳು’ ಎಂಬ ಅರ್ಥದ ಹಲಗೆಯನ್ನು ತೂಗುಹಾಕಿದನು. ಚಿತ್ರಕಾರನಿಗೆ ಒಂದು ಮರ ಬೇಕೆ, ಬಡಗಿಗೆ ಹಳೆಯ ಕಟಕಟೆಯ ಮಾದರಿ ಬೇಕೆ, ರಂಗಮಂದಿರದವನಿಗೆ ಒಂದು ಬೀದಿಯ ನೋಟ ಬೇಕೆ, ಬಂದು ಕೊಳ್ಳಬಹುದು. ತಾನು ಕಲಾವಿದನೆಂದು ಆ ಹಲಗೆ ಹೇಳಲಿಲ್ಲವೆಂಬುದನ್ನು ಗಮನಿಸಬೇಕು.

ಆಗಿನ ಪ್ಯಾರಿಸಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ. 1853ರಿಂದ 1870ರ ವರೆಗೆ ಓಸ್ಮಾನ್ ಎಂಬ ಅಧಿಕಾರಿಯು ಚಕ್ರವರ್ತಿಯ ಅಪ್ಪಣೆಯಂತೆ ಹಳೆಯ ಕೇರಿಗಳನ್ನು ಸೀಳಿ ನೇರವಾದ ಹೆದ್ದಾರಿಗಳನ್ನು ಮಾಡಿಸಿದ್ದನು. ಆತನು ಹೋದ ಬಳಿಕವೂ ಗುದ್ದಲಿ ನಿಲ್ಲಲಿಲ್ಲ. ಉಳಿದಿದ್ದ ಇಕ್ಕಟ್ಟಿನ ಓಣಿಗಳೂ, ಹಿಂದೆ ಶ್ರೀಮಂತರ ಅರಮನೆಗಳಾಗಿದ್ದು ಈಗ ಕಮ್ಮಾರರಿಗೂ ಪೆಟ್ಟಿಗೆ ಮಾಡುವವರಿಗೂ ಕಾರ್ಖಾನೆಗಳಾಗಿ ಇಳಿದಿದ್ದ ಮನೆಗಳೂ ಒಂದೊಂದಾಗಿ ನೆಲ ಕಾಣುತ್ತಿದ್ದವು. ಬಿಯೇವ್ರ್ ಎಂಬ ಸಣ್ಣ ನದಿಯೊಂದು ಚರ್ಮ ಹದಮಾಡುವವರ ಕೇರಿಯ ನಡುವೆ ಹರಿಯುತ್ತಿತ್ತು. ನಾರುತ್ತಿದ್ದುದರಿಂದ ಅದನ್ನೂ ಮುಚ್ಚುತ್ತ ಬಂದು 1912ರ ಹೊತ್ತಿಗೆ ನಗರದೊಳಗೆ ಅದು ಕಣ್ಣಿಗೆ ಕಾಣದಂತಾಯಿತು. ಅಟ್ಜೆಯು ಮುಚ್ಚುವುದಕ್ಕೆ ಮೊದಲೇ ಅದರ ದಡದಲ್ಲಿ ನಿಂತು ಪಟ ತೆಗೆದಿದ್ದನು. ನದಿಯೊಂದನ್ನು ಕಳೆದುಕೊಂಡ ನಗರಕ್ಕೆ ಇಂದು ಅದರ ರೂಪವನ್ನು ತೋರಿಸಲು ಇರುವ ಸಾಧನಗಳಲ್ಲಿ ಆತನ ಗಾಜಿನ ಫಲಕಗಳೂ ಸೇರಿವೆ.

ಸುಮಾರು 1897ರಿಂದ ಮೂವತ್ತು ವರ್ಷಗಳ ಕಾಲ ಆತನು ಈ ಕೆಲಸವನ್ನು ಮಾಡಿದನು. ಮೊದಮೊದಲು ಬೀದಿಯಲ್ಲಿ ಹೊಟ್ಟೆಹೊರೆಯುವ ಬಡವರನ್ನು ನಿಲ್ಲಿಸಿ ಪಟ ತೆಗೆದನು: ದೀಪದ ಮುಸುಕುಗಳನ್ನು ಹೊತ್ತು ಮಾರುವವನು, ಚಿಂದಿ ಆಯುವವನು, ತಿರುಗಣಿಯ ವಾದ್ಯವನ್ನು ನುಡಿಸುವ ಗಡ್ಡದ ಮುದುಕ. ಮುದುಕನ ಪಕ್ಕದಲ್ಲಿ ಕುಳ್ಳಾದ ಹಾಡುಗಾರ್ತಿಯೊಬ್ಬಳು ನಿಂತು ಮುಖವನ್ನು ಮೇಲೆತ್ತಿ, ಲೋಕವೆಲ್ಲ ತನ್ನದೇ ಎಂಬಂತೆ ನಗುತ್ತಿರುವಳು. ನೂರಿಪ್ಪತ್ತು ವರ್ಷಗಳಾದರೂ ಆ ನಗೆ ಬಾಡಿಲ್ಲ. ಅನಂತರ ನಗರದ ಹೊರ ಅಂಚಿನಲ್ಲಿ, ಕೋಟೆಯಾಚೆಯ ಬಯಲಿನಲ್ಲಿ ಮುರುಕು ಹಲಗೆಗಳ ಗುಡಿಸಲು ಕಟ್ಟಿಕೊಂಡಿದ್ದ ಚಿಂದಿಯವರ ಬಳಿಗೂ ಹೋದನು. ಅವರು ಇವನ ಮುಂದೆ ಮುಖ ಮುಚ್ಚಿಕೊಂಡಿಲ್ಲ, ಹಲ್ಲು ಗಿಂಜಿಯೂ ಇಲ್ಲ. ತಮ್ಮ ಹೊಸಲಿನ ಮೇಲೆ ತಾವಿರುವಂತೆಯೇ ಇರುವರು.

ಆತನ ಸಲಕರಣೆಯನ್ನು ಕುರಿತು ಹೇಳಿದರೆ ಇಂದಿನ ಹುಡುಗರಿಗೆ ನಗೆ ಬಂದೀತು. ಮರದ ಪೆಟ್ಟಿಗೆ, ಅದಕ್ಕೆ ಕಮ್ಮಾರನ ತಿದಿಯಂತಹ ಮಡಿಕೆಯ ಚರ್ಮ, ಮೂರು ಕಾಲಿನ ಮರದ ಪೀಠ, 18 ಸೆಂಟಿಮೀಟರ್ ಅಗಲ 24 ಸೆಂಟಿಮೀಟರ್ ಉದ್ದದ ಗಾಜಿನ ಫಲಕಗಳು. ಇಷ್ಟನ್ನೂ ಹೊತ್ತು ಬೆಳಗಿನ ಜಾವಕ್ಕೇ ಮನೆಯಿಂದ ಹೊರಡುತ್ತಿದ್ದನು. ಕಪ್ಪು ಬಟ್ಟೆಯನ್ನು ತಲೆಗೆ ಮುಸುಕು ಹಾಕಿಕೊಂಡು ನೋಡಿದರೆ ಮಸುಕು ಗಾಜಿನ ಮೇಲೆ ಬೀದಿಯು ತಲೆಕೆಳಗಾಗಿ ಕಾಣುವುದು. ಅದನ್ನು ಮನಸ್ಸಿನಲ್ಲಿಯೇ ನೇರ್ಪಡಿಸಿಕೊಳ್ಳಬೇಕು. ಬೆಳಕು ಕಡಮೆಯಾದಲ್ಲಿ ಮಸೂರದ ಮುಚ್ಚಳವನ್ನು ತೆಗೆದು ಕ್ಷಣಗಳನ್ನು ಎಣಿಸುತ್ತ ನಿಲ್ಲಬೇಕು. ಅಷ್ಟರಲ್ಲಿ ನಡೆದುಹೋದವನು ಚಿತ್ರದಲ್ಲಿ ಮನುಷ್ಯನಾಗಿ ಮೂಡದೆ ಹೊಗೆಯ ಎಳೆಯಾಗಿ ಉಳಿಯುವನು. ನಿಂತ ಬಂಡಿ ನಿಜ, ನಡೆವ ಯಜಮಾನ ನೆರಳು! ಎತ್ತರದ ಕಟ್ಟಡವು ಪೂರ್ತಿ ಹಿಡಿಯಲೆಂದು ಮಸೂರವನ್ನು ಮೇಲಕ್ಕೆ ಸರಿಸಿದಾಗ ಚಿತ್ರದ ಮೇಲಿನ ಮೂಲೆಗಳು ಕಪ್ಪಾಗಿ ಕಮಾನಿನಂತೆ ಕಾಣುವುವು. ಆತನು ಅದನ್ನು ಕತ್ತರಿಸದೆ ಹಾಗೆಯೇ ಬಿಟ್ಟನು.

ಪ್ರತಿಗಳನ್ನು ಸಿದ್ಧಪಡಿಸಲು ಸೂರ್ಯನೇ ದೀಪ. ಫಲಕವನ್ನು ಕಾಗದದ ಮೇಲಿಟ್ಟು ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಒಡ್ಡಿದರೆ ಚಿತ್ರವು ಮೆಲ್ಲಮೆಲ್ಲನೆ ಕಪ್ಪೇರುವುದು. ಬಹುಕಾಲ ಆತನು ಬಳಸಿದ ಕಾಗದಕ್ಕೆ ಕೋಳಿಮೊಟ್ಟೆಯ ಲೋಳೆಯ ಲೇಪವಿರುತ್ತಿತ್ತು. ಮೊಟ್ಟೆಯನ್ನು ಹೊಸಲಿನೊಳಕ್ಕೆ ಬಿಡದ ನಮ್ಮಜ್ಜಿಯು ತನ್ನ ತೌರಿನ ಹಳೆಯ ಪಟವೊಂದನ್ನು ದೇವರ ಗೂಡಿನ ಪಕ್ಕದಲ್ಲಿಯೇ ಇಟ್ಟಿದ್ದಳು. ಅದೂ ಇಂತಹ ಕಾಗದದ್ದೇ ಆಗಿದ್ದೀತೆಂದು ಈಗ ನನಗೆ ಅನುಮಾನ. ಆಕೆಗೆ ಅದು ತಿಳಿಯದೆ ಹೋದುದೇ ಮೇಲಾಯಿತು.

ಬೀದಿಗಳು ಖಾಲಿಯಾಗಿರುವುದಕ್ಕೆ ಮುಂಜಾವದ ಹೊತ್ತೂ ಫಲಕದ ಮಂದಗತಿಯೂ ಕಾರಣವೆನ್ನುವರು. ಸರಿಯೇ. ಆದರೆ ನನಗೆ ಬೇರೊಂದು ತೋರುವುದು. ಈತನು ನಟನಾಗಿದ್ದವನು. ಪಾತ್ರಗಳೆಲ್ಲ ನಿಷ್ಕ್ರಮಿಸಿದ ಮೇಲೆ ರಂಗಸ್ಥಳವು ಹೇಗಿರುವುದೆಂಬುದನ್ನು ಬಲ್ಲವನು. ಯಾರೋ ಈಗತಾನೆ ಎದ್ದುಹೋದ ಕುರ್ಚಿ, ಒರಗಿಸಿಟ್ಟ ಪೊರಕೆ, ಅರ್ಧ ತೆರೆದ ಕದ ಇವುಗಳಲ್ಲಿ ಇರುವ ಸನ್ನಿಧಿಯನ್ನು ಆತನ ಕಣ್ಣು ಹಿಡಿಯುತ್ತಿತ್ತು. 1908ರಲ್ಲಿ ಸೇನ್ ನದಿಯ ದಂಡೆಯ ಪಾನಗೃಹವೊಂದರ ಬಾಗಿಲನ್ನು ಪಟ ತೆಗೆದಿರುವನು. ಗಾಜಿನ ಹಿಂದಿನಿಂದ ಒಳಗಿನವರ ಮುಖಗಳು ಇಣುಕಿವೆ. ಅದೇ ಗಾಜಿನಲ್ಲಿ ಅಟ್ಜೆಯ ಯಂತ್ರವೂ ಆತನ ಆಕೃತಿಯೂ ಪ್ರತಿಬಿಂಬಿಸಿವೆ. ನೋಡುವವನು ಯಾರು, ನೋಡಿಸಿಕೊಳ್ಳುವವರು ಯಾರು ಎಂದು ಹೇಳುವುದು ಕಷ್ಟ.

ಇನ್ನು ಪಾಳಾದ ತಾಣಗಳ ಮಾತು. ಪ್ಯಾರಿಸಿನ ದಕ್ಷಿಣಕ್ಕೆ ಸೋ ಎಂಬ ಊರಿನಲ್ಲಿ, ಹದಿನೇಳನೆಯ ಶತಮಾನದ ಮಂತ್ರಿ ಕೋಲ್ಬೇರನು ಮಾಡಿಸಿದ ದೊಡ್ಡ ಉದ್ಯಾನವೊಂದುಂಟು. ಕ್ರಾಂತಿಯ ತರುವಾಯ ಹಳೆಯ ಅರಮನೆ ಹೋಯಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಉದ್ಯಾನವೂ ಕೇಳುವವರಿಲ್ಲದೆ ಕಾಡುಬಿದ್ದಿತು. 1923ರಲ್ಲಿ ಸರಕಾರದವರು ಅದನ್ನು ಕೊಂಡರು. ಇನ್ನೇನು ರಿಪೇರಿ ಆಗಿಬಿಡುವುದೆಂದು ತಿಳಿದು 1925ರ ಮಾರ್ಚಿನಿಂದ ಜೂನಿನ ವರೆಗೆ, ಅರವತ್ತೆಂಟು ವರ್ಷದ ಅಟ್ಜೆಯು ಮತ್ತೆ ಮತ್ತೆ ಅಲ್ಲಿಗೆ ಹೋದನು. ಎಷ್ಟೋ ಚಿತ್ರಗಳ ಮೇಲೆ ತಿಂಗಳನ್ನೂ ಬೆಳಗಿನ ಗಂಟೆಯನ್ನೂ ಗುರುತುಹಾಕಿರುವನು. ಹುಲ್ಲು ಬೆಳೆದ ಸೋಪಾನಗಳು, ಪಾಚಿ ಕಟ್ಟಿದ ಕೊಳ, ಬಳ್ಳಿ ಸುತ್ತಿದ ಕಲ್ಲಿನ ವಿಗ್ರಹಗಳು. ಎಲ್ಲರೂ ಅರಮನೆಯನ್ನು ಅದರ ವೈಭವದ ದಿನಗಳಲ್ಲಿ ನೋಡಬಯಸುವರು. ಈತನು ಪಾಳನ್ನು, ಅದೂ ತೊಲಗುವ ಮೊದಲು, ನೋಡಿ ಬರಲು ಅವಸರಪಟ್ಟನು.

ಕಾಳಿದಾಸನ ರಘುವಂಶದ ಹದಿನಾರನೆಯ ಸರ್ಗದಲ್ಲಿ ಪಾಳುಬಿದ್ದ ಅಯೋಧ್ಯೆಯ ಅಧಿದೇವತೆಯು ನಡುರಾತ್ರಿ ಕುಶನ ಬಳಿಗೆ ಬಂದು ತನ್ನ ದುರವಸ್ಥೆಯನ್ನು ಅರಿಕೆಮಾಡಿಕೊಳ್ಳುವಳು. ಅಂದು ಹಾಗಿತ್ತು, ಇಂದು ಹೀಗಾಯಿತು ಎಂಬುದೇ ಅಲ್ಲಿನ ದಾರಿ. ಅದನ್ನು ವರ್ಷ ವರ್ಷವೂ ಪಾಠ ಹೇಳಿದ ನನಗೆ ಪಾಳೆಂದರೆ ಹೋಲಿಕೆಯೇ ಎಂದಾಗಿಬಿಟ್ಟಿತ್ತು. ಅಟ್ಜೆಯ ಚಿತ್ರದಲ್ಲಿ ‘ಅಂದು’ ಎಂಬುದಿಲ್ಲ. ಕಲ್ಲಿನ ಮೇಲೆ ಪಾಚಿ ಇದೆ, ಪಾಚಿಯ ಮೇಲೆ ಬೆಳಗಿನ ಬಿಸಿಲಿದೆ, ಅಷ್ಟೆ. ಈಗ ಕೆಲವು ತರುಣರು ಬಿಟ್ಟುಹೋದ ಗಿರಣಿ, ಆಸ್ಪತ್ರೆಗಳೊಳಕ್ಕೆ ನುಗ್ಗಿ, ಮುರಿದ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದು, ಅದರ ಮೇಲೊಂದು ಬೊಂಬೆಯನ್ನು ಕೂರಿಸಿ ಪಟ ತೆಗೆಯುವರಂತೆ. ಗೆದ್ದಲು ತಿಂದ ಅಟ್ಟದ ಮೇಲೆ ಕಾಲಿಡುವ ಅವರ ಸಾಹಸಕ್ಕೆ ನಾನು ಹೆದರುವೆನು. ಆ ಬೊಂಬೆಗೆ ಮಾತ್ರ ನಗುವೆನು.

ಆತನ ಬಾಳಿನಲ್ಲಿ ಐಶ್ವರ್ಯವೆಂಬುದು ಎಂದೂ ಇರಲಿಲ್ಲ. ಹೊಟ್ಟೆಯ ವ್ಯಾಧಿಗೆ ಹೆದರಿ ಕೊನೆಯ ಇಪ್ಪತ್ತು ವರ್ಷ ಹಾಲು, ರೊಟ್ಟಿ, ಸಕ್ಕರೆ ಇವುಗಳಲ್ಲಿಯೇ ಜೀವಿಸಿದನು. ಯುದ್ಧಕಾಲದಲ್ಲಿ ಕೆಲಸ ಹೆಚ್ಚುಕಡಮೆ ನಿಂತೇಹೋಗಿ ಫಲಕಗಳೆಲ್ಲ ನೆಲಮಾಳಿಗೆ ಸೇರಿದವು. 1920ರಲ್ಲಿ ಲಲಿತಕಲೆಗಳ ಅಧಿಕಾರಿಗೆ ಬರೆದುಕೊಂಡು, ಹಳೆಯ ಪ್ಯಾರಿಸಿನ 2,600ಕ್ಕೂ ಮೀರಿದ ಫಲಕಗಳನ್ನು 10,000 ಫ್ರಾಂಕುಗಳಿಗೆ ಸರಕಾರಕ್ಕೆ ಒಪ್ಪಿಸಿದನು. ತನ್ನ ಬಳಿಕ ಅವು ಅರಿಯದವರ ಕೈಗೆ ಬೀಳಬಾರದೆಂಬ ಚಿಂತೆಯೇ ಆತನಿಗೆ ದೊಡ್ಡದಾಗಿತ್ತು. ಹಣ ಕೈಗೆ ಬಂದ ಮೇಲೆ ವಿಶ್ರಮಿಸಿದನೆ? ಇಲ್ಲ, ಮತ್ತೆ ಪೆಟ್ಟಿಗೆ ಹೊತ್ತು ಹೊರಟನು. ಸೋ ಉದ್ಯಾನದ ಚಿತ್ರಗಳು ಆಮೇಲಿನವು.

ಅದೇ ಬೀದಿಯಲ್ಲಿ ಮ್ಯಾನ್ ರೇ ಎಂಬ ಅಮೆರಿಕದ ಕಲಾವಿದನಿದ್ದನು. 1912ರ ಏಪ್ರಿಲ್ 17ರಂದು ಸೂರ್ಯಗ್ರಹಣವಾದಾಗ ಬೀದಿಯಲ್ಲಿ ಗುಂಪುಗೂಡಿ ಆಕಾಶವನ್ನು ನೋಡುತ್ತಿದ್ದ ಜನರನ್ನು ಅಟ್ಜೆಯು ಪಟ ತೆಗೆದಿದ್ದನು. ಮ್ಯಾನ್ ರೇ ಅದನ್ನು ಕೊಂಡು 1926ರಲ್ಲಿ ನವ್ಯಪಂಥದವರ ಪತ್ರಿಕೆಯೊಂದರ ಹೊದಿಕೆಯ ಮೇಲೆ ಅಚ್ಚುಹಾಕಿಸಿದನು. ತನ್ನ ಹೆಸರನ್ನು ಹಾಕಬಾರದೆಂದೂ, ತನ್ನವು ಬರಿಯ ದಾಖಲೆಗಳೆಂದೂ ಮುದುಕನು ಹೇಳಿದನಂತೆ. ಹೆಸರಿಲ್ಲದೆಯೇ ಅದು ಅಚ್ಚಾಯಿತು.

ಮ್ಯಾನ್ ರೇಯ ಸಹಾಯಕಿಯಾಗಿದ್ದ ಬೆರೆನಿಸ್ ಆಬಟ್ ಎಂಬ ತರುಣಿಯು ಮಾತ್ರ ಆ ಚಿತ್ರಗಳಿಗೆ ಮರುಳಾಗಿ, ತನಗೆ ಕೂಡಿದಷ್ಟನ್ನು ಕೊಳ್ಳುತ್ತಿದ್ದಳು. 1927ರಲ್ಲಿ ಆಕೆಯು ಮುದುಕನ ಭಾವಚಿತ್ರವನ್ನೇ ತೆಗೆಯಬೇಕೆಂದು ಕರೆದಳು. ತೇಪೆ ಹಾಕಿದ ಕೆಲಸದ ಉಡುಪಿನಲ್ಲಿ ಬರುವನೆಂದು ಆಕೆಯ ಎಣಿಕೆ. ಆತನು ಒಳ್ಳೆಯ ಕೋಟನ್ನು ಧರಿಸಿ ಬಂದನು. ಆಕೆಗೆ ನಿರಾಶೆಯಾಯಿತಂತೆ. ನನಗೇಕೋ ಆ ಕೋಟು ಬಹಳ ಹಿಡಿಸಿತು. ಬಡವನಾದವನಿಗೂ ಪಟಕ್ಕೆ ಕೂರುವ ದಿನ ಮರ್ಯಾದೆ ಬೇಡವೆ? ಪ್ರತಿಗಳು ಸಿದ್ಧವಾದ ಮೇಲೆ ತೋರಿಸಲೆಂದು ಆಕೆಯು ಮಹಡಿಯನ್ನೇರಿ ಹೋದರೆ ಬಾಗಿಲ ಮೇಲಿನ ಹಲಗೆ ಕಾಣಲಿಲ್ಲ. ವಿಚಾರಿಸಲಾಗಿ ಅಟ್ಜೆಯು ತೀರಿಕೊಂಡಿದ್ದನೆಂದು ತಿಳಿಯಿತು. ಆಗಸ್ಟ್ 4ರಂದು ಆತನ ಪ್ರಾಣ ಹೋಗಿತ್ತು. ಸಂಗಾತಿ ವಾಲೆಂತೀನಳು ಹಿಂದಿನ ವರ್ಷವೇ ಹೋಗಿದ್ದಳು.

ಮನೆಯಲ್ಲಿ ಉಳಿದಿದ್ದ ಸಾವಿರಕ್ಕೂ ಹೆಚ್ಚಿನ ಫಲಕಗಳನ್ನೂ ಏಳು ಸಾವಿರಕ್ಕೂ ಹೆಚ್ಚಿನ ಪ್ರತಿಗಳನ್ನೂ ಆಬಟ್ 1928ರಲ್ಲಿ ಆತನ ಹಳೆಯ ಸ್ನೇಹಿತನಿಂದ ಕೊಂಡುಕೊಂಡಳು. ನ್ಯೂಯಾರ್ಕಿಗೆ ಸಾಗಿಸಿ ನಾಲ್ವತ್ತು ವರ್ಷ ಕಾಪಾಡಿದಳು. ಅಲ್ಲಿ ತಾನೂ ಆ ನಗರದ ಬೀದಿಗಳನ್ನು, ಕೆಡಹುವವರ ಕೈ ತಾಗುವ ಮುನ್ನ, ಪಟ ತೆಗೆಯತೊಡಗಿದಳು. 1968ರಲ್ಲಿ ಅಟ್ಜೆಯ ಭಂಡಾರವು ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯವನ್ನು ಸೇರಿತು.

ಪುಸ್ತಕವನ್ನು ಮುಚ್ಚಿದ ಮರುವಾರ ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡು ನಮ್ಮೂರಿಗೆ ಹೋದೆನು. ಅವನ ಮೊಬೈಲ್ ಯಂತ್ರದಿಂದಲೇ ಅಗ್ರಹಾರದ ಬೀದಿಯಲ್ಲಿ ಉಳಿದಿದ್ದ ಹನ್ನೊಂದು ಹಳೆಯ ಮನೆಗಳನ್ನು ಪಟ ತೆಗೆಯಿಸಿದೆನು. ಎರಡರಲ್ಲಿ ಬೀಗ, ಮೂರನೆಯದರಲ್ಲಿ ಬೀಗವೂ ಇಲ್ಲ, ಸೂರೂ ಇಲ್ಲ. ಜನರು ಹೊರಬಂದು ತಮ್ಮನ್ನೂ ಸೇರಿಸಬೇಕೆಂದು ಜಗಲಿಯ ಮೇಲೆ ಸಾಲಾಗಿ ನಿಂತರು. ಅವರ ಮನಸ್ಸನ್ನು ನೋಯಿಸಲಾರದೆ ಹಾಗೊಂದು ತೆಗೆಯಿಸಿ, ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿಯಬೇಕೆಂದು ಬೇಡಿಕೊಂಡು ಬಾಗಿಲನ್ನು ಬೇರೆಯಾಗಿ ತೆಗೆಯಿಸಿದೆನು. ಕಾಗದದ ಮೇಲೆ ಅಚ್ಚುಹಾಕಿಸಿ, ಅಟ್ಜೆಯಂತೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮನೆಯ ಹೆಸರನ್ನೂ ತಾರೀಖನ್ನೂ ಬರೆದಿಟ್ಟಿರುವೆನು. ನಮ್ಮ ಮನೆಯನ್ನು ಕೆತ್ತಿದ ಬಡಗಿಯೇ ನಾಲ್ಕನೆಯ ಮನೆಯ ಬಾಗಿಲವಾಡವನ್ನೂ ಕೆತ್ತಿದನೆಂದು ಹಿರಿಯರು ಹೇಳುತ್ತಿದ್ದರು. ಅದರಲ್ಲಿರುವ ಪದ್ಮಗಳು ಏಳು. ತಮ್ಮನಿಗೆ ಇನ್ನೂ ತಿಳಿಸಿಲ್ಲ.