ದೂರು ಹೇಳುವುದೂ ಒಂದು ವಿದ್ಯೆ

ಕಳೆದ ಮಳೆಗಾಲದ ಒಂದು ಸಂಜೆ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಮನೆಗೆ ವಿದ್ಯಾರ್ಥಿಯೊಬ್ಬನು ಹಳೆಯ ಲ್ಯಾಪ್‌ಟಾಪ್ ಹಿಡಿದು ಬಂದನು. ಅದರಲ್ಲಿ ಹೊಸದೊಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಸ್ಥಾಪಿಸುವಾಗ, ಡಿಸ್ಕನ್ನು ವಿಭಾಗಿಸುವ ಪರದೆಯ ಪ್ರಶ್ನೆ ಅರ್ಥವಾಗದೆ ‘ಮುಂದೆ’ ಎಂಬ ಗುಂಡಿಯನ್ನು ಒತ್ತಿದ್ದನು. “ಸರ್, ಎಲ್ಲಾ ಹೋತ್ರಿ” ಎಂದನು. ಒಂದು ವರ್ಷದ ಪ್ರಯೋಗಗಳ ದಾಖಲೆ ಅಳಿಸಿಹೋಗಿತ್ತು. ತಪ್ಪು ಯಾರದು?

ಕಾರ್ಯಾಚರಣಾ ವ್ಯವಸ್ಥೆಯನ್ನು ಯಂತ್ರದಲ್ಲಿ ನೆಲೆಗೊಳಿಸುವ ತಂತ್ರಾಂಶಕ್ಕೆ ಅನುಸ್ಥಾಪಕವೆಂದು ಹೆಸರು. ಅದು ಯಂತ್ರದ ಭಾಗಗಳನ್ನು ಗುರುತಿಸಿ, ಡಿಸ್ಕನ್ನು ವಿಭಾಗಿಸಿ, ಕಡತಗಳನ್ನು ನಕಲಿಸಿ, ಯಂತ್ರವು ತಾನೇ ಎಚ್ಚರಗೊಳ್ಳುವಂತೆ ಏರ್ಪಡಿಸುತ್ತದೆ. ಅದನ್ನು ರಚಿಸಿದವನು ನೂರಾರು ಬಾರಿ ನಡೆಸಿ ನೋಡಿರುವುದರಿಂದ, ಹೊಸಬನು ಎಡವುವ ಸ್ಥಳ ಅವನಿಗೆ ಕಾಣದು. ಜಗತ್ತಿನ ಎಲ್ಲ ಯಂತ್ರಗಳೂ ಅವನ ಮೇಜಿನ ಮೇಲಿರುವುದಿಲ್ಲ. ಆದುದರಿಂದ ಬಳಸಿದವರ ಮಾತೇ ಅವನ ಕಣ್ಣು.

ಆದರೆ ‘ಕೆಟ್ಟಿದೆ’ ಎಂಬ ಒಂದೇ ಮಾತಿನಿಂದ ಪ್ರಯೋಜನವಿಲ್ಲ. ನಮ್ಮ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಮೋಟಾರು ದುರಸ್ತಿ ಮಾಡುವವನು ಮೊದಲು ಕೇಳುವುದೇನು? ಸದ್ದು ಯಾವಾಗ ಬರುತ್ತದೆ, ಯಾವ ವೇಗದಲ್ಲಿ ಬರುತ್ತದೆ ಎಂದಲ್ಲವೇ? 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಮುಕ್ತ ವ್ಯವಸ್ಥೆಯವರು ಇದಕ್ಕೊಂದು ನಮೂನೆಯನ್ನೇ ಮಾಡಿದ್ದಾರೆ. ಯಂತ್ರ ಯಾವುದು, ಸ್ಥಾಪಿಸಿದ ದಿನ ಯಾವುದು ಎಂದು ಬರೆದ ಮೇಲೆ, ಜಾಲಸಂಪರ್ಕ, ಡಿಸ್ಕಿನ ವಿಭಾಗ ಮೊದಲಾದ ಒಂದೊಂದು ಹಂತಕ್ಕೂ ಗುರುತು ಹಾಕಬೇಕು: ಸರಿಯಾದರೆ ‘ಓ’, ದೋಷವಿದ್ದರೆ ‘ಇ’, ಪ್ರಯತ್ನಿಸದಿದ್ದರೆ ಖಾಲಿ. ನಮ್ಮ ಪ್ರಯೋಗಾಲಯದ ದಾಖಲೆ ಪುಸ್ತಕಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಒಂದು ನಿದರ್ಶನವನ್ನು ನೋಡೋಣ. ಅನೇಕ ವೈ-ಫೈ ಸಾಧನಗಳು ಕೆಲಸ ಮಾಡಲು ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶ ಬೇಕು. ಅದು ಮುಕ್ತವಲ್ಲವೆಂದು ಡೆಬಿಯನ್ ತನ್ನ ಅಧಿಕೃತ ಅನುಸ್ಥಾಪಕದಲ್ಲಿ ಸೇರಿಸುತ್ತಿರಲಿಲ್ಲ. ಅದನ್ನು ತರಲು ಜಾಲ ಬೇಕು, ಜಾಲಕ್ಕೆ ಅದೇ ಬೇಕು. ಪೆಟ್ಟಿಗೆಯ ಕೀಲಿಕೈ ಪೆಟ್ಟಿಗೆಯೊಳಗೇ ಉಳಿದಂತಾಯಿತು! ಬಳಕೆದಾರರ ಈ ಕಷ್ಟ ಬಹುಕಾಲ ಚರ್ಚೆಯಾಗಿ, 2022ರಲ್ಲಿ ಡೆಬಿಯನ್‌ನ ಸದಸ್ಯರು ಮತ ಚಲಾಯಿಸಿ ನಿಯಮವನ್ನು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೆಯ ಆವೃತ್ತಿಯಲ್ಲಿ ಫರ್ಮ್‌ವೇರ್ ಜೊತೆಗೇ ಬಂದಿತು.

ನಮ್ಮ ವಿದ್ಯಾರ್ಥಿಯು ಬಳಸಿದ್ದು ಬೇರೊಂದು ವ್ಯವಸ್ಥೆ. ಆದರೂ ಇದೇ ಕ್ರಮದಲ್ಲಿ ವರದಿ ಬರೆಯೆಂದೆವು. ಮೊದಲು ಅವನು ‘ಅನುಸ್ಥಾಪಕ ಸರಿಯಿಲ್ಲ’ ಎಂದಷ್ಟೇ ಬರೆದನು. ಯಾವ ಪರದೆ? ಅಲ್ಲಿ ಏನೆಂದು ಬರೆದಿತ್ತು? ನೀನು ನಿರೀಕ್ಷಿಸಿದ್ದೇನು, ನಡೆದದ್ದೇನು? ಹೀಗೆ ಕೇಳುತ್ತ ಹೋದಂತೆ ಒಂದು ಪುಟ ತುಂಬಿತು. ‘ಅಳಿಸುವ ಮೊದಲು ಆ ವಿಭಾಗದಲ್ಲಿ ಏನಿದೆಯೆಂದು ತೋರಿಸಬೇಕು’ ಎಂಬ ಸಲಹೆಯನ್ನೂ, ‘ನಾನು ಪ್ರತಿ ಇಟ್ಟಿರಲಿಲ್ಲ’ ಎಂಬ ಒಪ್ಪಿಗೆಯನ್ನೂ ಕೊನೆಗೆ ಅವನೇ ಸೇರಿಸಿದನು.

ಅಳಿದ ದಾಖಲೆ ಮರಳಲಿಲ್ಲ. ಆ ಪ್ರಯೋಗಗಳನ್ನು ಅವನು ಮತ್ತೆ ಮಾಡುತ್ತಿದ್ದಾನೆ. ಆದರೆ ಅದೇ ಪರದೆಯ ಮುಂದೆ ನಾಳೆ ಕುಳಿತುಕೊಳ್ಳುವ ಇನ್ನೊಬ್ಬನಿಗಾಗಿ ಆ ಒಂದು ಪುಟ ಹೊರಟಿದೆ. ವಾಚಕರೇ, ನೀವೂ ಸ್ಥಾಪನೆಗೆ ಕೈಹಾಕುವ ಮುನ್ನ ಕಡತಗಳ ಪ್ರತಿಯೊಂದನ್ನು ಬೇರೆಡೆ ಇಡಿರಿ; ಪಕ್ಕದಲ್ಲಿ ಒಂದು ಕಾಗದ, ಒಂದು ಲೇಖನಿಯನ್ನೂ ಇಟ್ಟುಕೊಳ್ಳಿರಿ.