ಪಿಎಸ್‌ಪಿ ಮತ್ತೆ ಮೂಲರೂಪಕ್ಕೆ: ಅವಸರ ಬೇಡ, ಕ್ರಮ ಬೇಕು



ನಿಮ್ಮಲ್ಲಿ ಹಲವರ ಮನೆಯ ಕಪಾಟಿನಲ್ಲಿ ಅಣ್ಣನೋ ಅಕ್ಕನೋ ಆಡಿ ಬಿಟ್ಟ ಪಿಎಸ್‌ಪಿ ಒಂದು ಇದ್ದೀತು. ಇಲ್ಲವೇ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ಪಾಲಿಕಾ ಬಜಾರಿನಂಥ ಕಡೆ ಹಳೆಯದೊಂದನ್ನು ನೀವೇ ಕೊಂಡಿರಬಹುದು. ಅದರೊಳಗೆ ಸೋನಿ ಸಂಸ್ಥೆಯ ಮೂಲ ಫರ್ಮ್‌ವೇರ್ ಇರದೆ, ಯಾರೋ ಹಾಕಿದ ‘ಕಸ್ಟಮ್ ಫರ್ಮ್‌ವೇರ್’ ಇರುವುದು ಅಪರೂಪವಲ್ಲ. ಅದನ್ನು ತೆಗೆದು ಯಂತ್ರವನ್ನು ಮೊದಲಿನಂತೆ ಮಾಡಿ ತಮ್ಮನಿಗೆ ಕೊಡಬೇಕು ಅಥವಾ ಮಾರಬೇಕು ಎಂದಿದ್ದೀರಾ? ಕೆಲಸವೇನೋ ಸಣ್ಣದು. ಆದರೆ ಕ್ರಮ ತಪ್ಪಿದರೆ ಯಂತ್ರ ಮತ್ತೆ ಕಣ್ಣು ತೆರೆಯುವುದೇ ಇಲ್ಲ. ಆಟಗಾರರು ಇದನ್ನು ‘ಬ್ರಿಕ್’ ಆಯಿತು ಎನ್ನುತ್ತಾರೆ. ಅಂದರೆ, ಇನ್ನು ಅದು ಬರೀ ಇಟ್ಟಿಗೆ!

ಹಿನ್ನೆಲೆ ಏನು?

ಪಿಎಸ್‌ಪಿ ಜಪಾನಿನಲ್ಲಿ 2004ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಯಂತ್ರದ ಒಳಗಿನ ಫ್ಲ್ಯಾಷ್ ಮೆಮೊರಿಯಲ್ಲಿ ಬರೆದಿಟ್ಟ ಮೂಲ ತಂತ್ರಾಂಶವೇ ಫರ್ಮ್‌ವೇರ್. ಪರದೆ ಬೆಳಗುವುದರಿಂದ ಹಿಡಿದು ಯಾವ ಆಟ ನಡೆಯಬಹುದು, ಯಾವುದು ನಡೆಯಬಾರದು ಎಂದು ತೀರ್ಮಾನಿಸುವವರೆಗೆ ಎಲ್ಲವೂ ಅದರ ಹೊಣೆ. ಸೋನಿಯ ಮುದ್ರೆ ಇಲ್ಲದ ಕಾರ್ಯಕ್ರಮಗಳನ್ನು ಅದು ಒಳಗೆ ಬಿಡುವುದಿಲ್ಲ. ಈ ಕಾವಲನ್ನು ಸಡಿಲಿಸಲು 2006ರಿಂದ ‘ಡಾರ್ಕ್ ಅಲೆಕ್ಸ್’ ಎಂಬ ಗುಪ್ತನಾಮದ ಪ್ರೋಗ್ರಾಮರ್ ಮತ್ತು ಅವರ ನಂತರದವರು ಮಾರ್ಪಡಿಸಿದ ಫರ್ಮ್‌ವೇರ್‌ಗಳನ್ನು ಹೊರತಂದರು. ಹವ್ಯಾಸಿಗಳು ತಾವೇ ಬರೆದ ಆಟಗಳನ್ನು ನಡೆಸಲು ಇದರಿಂದ ದಾರಿಯಾಯಿತು. ಕಳ್ಳಪ್ರತಿಗಳಿಗೂ ಅದೇ ದಾರಿಯಾಯಿತು ಎಂಬುದನ್ನು ಮುಚ್ಚಿಡಬೇಕಿಲ್ಲ.

ಮೊದಲು ರೋಗ ಪತ್ತೆ, ಆಮೇಲೆ ಔಷಧಿ

‘ಸೆಟ್ಟಿಂಗ್ಸ್’ ಒಳಗೆ ‘ಸಿಸ್ಟಮ್ ಸೆಟ್ಟಿಂಗ್ಸ್’, ಅದರೊಳಗೆ ‘ಸಿಸ್ಟಮ್ ಇನ್ಫರ್ಮೇಷನ್’ ತೆರೆಯಿರಿ. ಬರೀ 6.60 ಅಥವಾ 6.61 ಎಂದಿದ್ದರೆ ಅದು ಮೂಲ ಫರ್ಮ್‌ವೇರ್ ಇರಬೇಕು. ಅಂಕಿಯ ಪಕ್ಕದಲ್ಲಿ ಪ್ರೋ, ಎಂಇ, ಎಂ33 ಎಂಬಂಥ ಬಾಲಂಗೋಚಿ ಇದ್ದರೆ ಅದು ಮಾರ್ಪಾಟು.

ಈಗ ಮುಖ್ಯ ಪ್ರಶ್ನೆ: ಈ ಮಾರ್ಪಾಟು ಎಲ್ಲಿ ಕುಳಿತಿದೆ? 1000 ಸರಣಿಯ ಯಂತ್ರಗಳಲ್ಲೂ 2000 ಸರಣಿಯ ಮೊದಮೊದಲ ಯಂತ್ರಗಳಲ್ಲೂ ಅದನ್ನು ಫ್ಲ್ಯಾಷ್‌ನಲ್ಲೇ ಶಾಶ್ವತವಾಗಿ ಬರೆಯಲು ಸಾಧ್ಯವಿತ್ತು. 3000 ಸರಣಿ ಮತ್ತು ಪಿಎಸ್‌ಪಿ ಗೋ ಯಂತ್ರಗಳಲ್ಲಿ ಬಹುಪಾಲು ತಾತ್ಕಾಲಿಕ ಮಾರ್ಪಾಟೇ ಇರುತ್ತದೆ. ಅದು ಚಾಲೂ ಇರುವಾಗಿನ ಮೆಮೊರಿಯಲ್ಲಿ ಮಾತ್ರ ಜೀವ ಹಿಡಿದಿರುತ್ತದೆ. ಪವರ್ ಸ್ವಿಚ್ಚನ್ನು ಕೆಲವು ಸೆಕೆಂಡು ಸರಿಸಿ ಹಿಡಿದು ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಹಚ್ಚಿ ನೋಡಿ. ಬಾಲಂಗೋಚಿ ಮಾಯವಾಗಿದ್ದರೆ ನಿಮ್ಮದು ತಾತ್ಕಾಲಿಕ ಬಗೆ. ಬರೀ ನಿದ್ರೆಗೆ ಕಳಿಸಿ ಎಬ್ಬಿಸಿದರೆ ಈ ಪರೀಕ್ಷೆ ಆಗದು. ‘ಇನ್ಫಿನಿಟಿ’ ಎಂಬ ಹೊಸ ಸಾಧನ ಹಾಕಿದ್ದರೆ 3000ದಲ್ಲೂ ಮಾರ್ಪಾಟು ಆರಿಸಿದ ಮೇಲೂ ಉಳಿಯುತ್ತದೆ, ನೆನಪಿರಲಿ.

ಇಲ್ಲಿ ಹಲವರು ಎಡವುತ್ತಾರೆ. ಮೆಮೊರಿ ಸ್ಟಿಕ್ಕನ್ನು ಫಾರ್ಮ್ಯಾಟ್ ಮಾಡಿದರೆ, ಇಲ್ಲವೇ ‘ರಿಸ್ಟೋರ್ ಡಿಫಾಲ್ಟ್’ ಒತ್ತಿದರೆ ಎಲ್ಲವೂ ಮೊದಲಿನಂತಾಯಿತು ಎಂದುಕೊಳ್ಳುತ್ತಾರೆ. ಸ್ಟಿಕ್ಕಿನಲ್ಲಿರುವುದು ಆಟ ಮತ್ತು ಕಡತಗಳು. ‘ರಿಸ್ಟೋರ್’ ಅಳಿಸುವುದು ನಿಮ್ಮ ಆಯ್ಕೆಗಳನ್ನು. ಫ್ಲ್ಯಾಷ್‌ನಲ್ಲಿ ಬರೆದ ಶಾಶ್ವತ ಮಾರ್ಪಾಟು ಇವೆರಡಕ್ಕೂ ಜಗ್ಗುವುದಿಲ್ಲ.

ತೆಗೆಯುವ ಕ್ರಮ

ಒಂದು: ಮೆಮೊರಿ ಸ್ಟಿಕ್ಕನ್ನು ಗಣಕಕ್ಕೆ ಜೋಡಿಸಿ, ‘ಪಿಎಸ್‌ಪಿ’ ಫೋಲ್ಡರಿನ ಒಳಗಿರುವ ‘ಸೇವ್‌ಡೇಟಾ’ ಫೋಲ್ಡರನ್ನು ಪೂರ್ತಿ ನಕಲು ಮಾಡಿಕೊಳ್ಳಿ. ಆಡುತ್ತಾ ಉಳಿಸಿದ ಹಂತಗಳೆಲ್ಲ ಅಲ್ಲಿರುತ್ತವೆ. ಆಟ ಕಳೆದರೆ ಮತ್ತೆ ಸಿಕ್ಕೀತು, ಆಡಿದ ದಿನಗಳು ಸಿಕ್ಕಾವೇ?

ಎರಡು: ‘ಸೆಪ್ಲಗಿನ್ಸ್’ ಎಂಬ ಫೋಲ್ಡರ್ ಇದ್ದರೆ ಸ್ಟಿಕ್ಕಿನಿಂದ ಹೊರಗೆ ತೆಗೆದಿಡಿ. ಇವು ಮಾರ್ಪಾಟಿಗೆ ಅಂಟಿಕೊಂಡ ಉಪಕಾರ್ಯಕ್ರಮಗಳು. ನಡುವೆ ತೊಡರುಗಾಲು ಹಾಕಬಲ್ಲವು.

ಮೂರು: ತಾತ್ಕಾಲಿಕ ಬಗೆಯಾದರೆ, ಅದನ್ನು ಹಾಕಲು ಬಳಸಿದ ಸ್ಥಾಪಕ ಕಾರ್ಯಕ್ರಮವನ್ನೇ ಮತ್ತೆ ತೆರೆಯಿರಿ. ತೆಗೆದುಹಾಕುವ ಆಯ್ಕೆ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಪರದೆಯ ಸೂಚನೆಯನ್ನು ಎರಡು ಸಲ ಓದಿ, ಒಂದು ಸಲ ಒತ್ತಿ.

ನಾಲ್ಕು: ಶಾಶ್ವತ ಬಗೆಯಾದರೆ ಅದರ ಮೇಲೆ ಸೋನಿಯ ಅಧಿಕೃತ ಫರ್ಮ್‌ವೇರನ್ನು ಬರೆಯಬೇಕು. ಕೊನೆಯದಾಗಿ 2015ರಲ್ಲಿ ಬಂದದ್ದು 6.61. ‘ಇಬೂಟ್.ಪಿಬಿಪಿ’ ಎಂಬ ಆ ಕಡತವನ್ನು ಸ್ಟಿಕ್ಕಿನ ‘ಪಿಎಸ್‌ಪಿ’, ಅದರೊಳಗೆ ‘ಗೇಮ್’, ಅದರೊಳಗೆ ‘ಅಪ್‌ಡೇಟ್’ ಫೋಲ್ಡರಿನಲ್ಲಿಟ್ಟು (ಹೆಸರುಗಳು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಇರಲಿ) ಆಟದ ಪಟ್ಟಿಯಿಂದ ನಡೆಸಿ. ಪಿಎಸ್‌ಪಿ ಗೋಗೆ ಬೇರೆಯದೇ ಕಡತವಿದೆ, ಅದಲುಬದಲು ಮಾಡಬೇಡಿ. ‘ಆಗಲೇ ಇದೇ ಆವೃತ್ತಿ ಇದೆ’ ಎಂಬ ಉತ್ತರ ಬಂದರೆ ಗಾಬರಿ ಬೇಡ. ಮಾರ್ಪಾಟಿನ ಸ್ಥಾಪಕದಲ್ಲಿ ತೆಗೆಯುವ ಆಯ್ಕೆ ಇದೆಯೇ ನೋಡಿ.

ಗಮನಿಸಿದಿರಾ? ಇಲ್ಲಿ ಹಿಂದಕ್ಕೆ ಹೋಗುವುದೆಂಬುದೇ ಇಲ್ಲ. ಮನೆಯ ಗೋಡೆಯ ಬಣ್ಣ ಹಿಡಿಸದಿದ್ದರೆ ನಾವು ಕೆರೆಯುತ್ತಾ ಕೂರುತ್ತೇವೆಯೇ? ಮೇಲೆಯೇ ಹೊಸದಾಗಿ ಸುಣ್ಣ ಹೊಡೆಯುತ್ತೇವೆ. ಇದೂ ಹಾಗೆಯೇ. ಅಧಿಕೃತ ಅಪ್‌ಡೇಟ್ ಹಳೆಯ ಆವೃತ್ತಿಗೆ ಇಳಿಯುವುದಿಲ್ಲ. ಅಣ್ಣ ಕೊಂಡ ದಿನ ಇದ್ದ ಫರ್ಮ್‌ವೇರ್ ನಿಮಗೆ ಸಿಗದು. ಸಿಗುವುದು ಸೋನಿಯ ಕೊನೆಯ ಫರ್ಮ್‌ವೇರ್.

ಅಪಾಯ ಎಲ್ಲಿದೆ?

ಫ್ಲ್ಯಾಷ್ ಬರೆಯುತ್ತಿರುವ ಆ ಕೆಲವು ನಿಮಿಷಗಳಲ್ಲಿ. ಆಗ ವಿದ್ಯುತ್ ಕಡಿದರೆ ಅರ್ಧ ಬರೆದ ಫರ್ಮ್‌ವೇರ್ ಉಳಿಯುತ್ತದೆ, ಯಂತ್ರ ಏಳುವುದಿಲ್ಲ. ಆದ್ದರಿಂದ ಬ್ಯಾಟರಿ ತುಂಬಿರಬೇಕು, ಚಾರ್ಜರೂ ಜೋಡಿಸಿರಬೇಕು. ಇಷ್ಟು ವರ್ಷ ಕಳೆದ ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜ್ ಮಾಡಲೇ ಬೇಡಿ; ಒಳ್ಳೆಯದೊಂದನ್ನು ತಂದ ಮೇಲೆ ಮುಂದಿನ ಮಾತು. ಅಪ್‌ಡೇಟ್ ನಡೆಯುವಾಗ ಪರದೆ ನಿಂತಂತೆ ಕಂಡರೂ ಗುಂಡಿ ಮುಟ್ಟಬೇಡಿ. ತಾಳಿದವನು ಬಾಳಿಯಾನು.

ಎರಡನೆಯ ಅಪಾಯ ಗುರುತಿಲ್ಲದ ಕಡತಗಳದು. 2005ರ ಅಕ್ಟೋಬರ್‌ನಲ್ಲಿ, ಪಿಎಸ್‌ಪಿಯನ್ನು ಹಳೆಯ ಆವೃತ್ತಿಗೆ ಇಳಿಸಿಕೊಡುತ್ತೇನೆ ಎಂದು ಆಸೆ ತೋರಿಸಿದ ಕಾರ್ಯಕ್ರಮವೊಂದು ಫ್ಲ್ಯಾಷ್‌ನ ಮುಖ್ಯ ಕಡತಗಳನ್ನೇ ಅಳಿಸಿ ಯಂತ್ರಗಳನ್ನು ಕೆಡಿಸಿತು. ಸತ್ತ ಪಿಎಸ್‌ಪಿಯನ್ನು ಎಬ್ಬಿಸಲು ‘ಪಂಡೋರಾ’ ಎಂಬ ಮಾರ್ಪಡಿಸಿದ ಬ್ಯಾಟರಿಯ ಉಪಾಯ 2007ರಲ್ಲಿ ಬಂತು. 2000ದ ಕೊನೆಯ ಯಂತ್ರಗಳು ಮತ್ತು 3000 ಸರಣಿ ಅದಕ್ಕೆ ಸೊಪ್ಪು ಹಾಕಲಿಲ್ಲ. ಆದ್ದರಿಂದ ನಿಮ್ಮದು 3000 ಆಗಿದ್ದರೆ ಇನ್ನೂ ಎರಡು ಪಟ್ಟು ಎಚ್ಚರ ಬೇಕು.

ಎಲ್ಲ ಮುಗಿದ ಮೇಲೆ ಯುಎಂಡಿ ಡಿಸ್ಕ್ ಹಾಕಿ ಆಟ ನಡೆಯುತ್ತದೆಯೇ ನೋಡಿ. ಡಿಸ್ಕಿನ ಆಟಗಳು ನಡೆಯುತ್ತವೆ. ಸ್ಟಿಕ್ಕಿಗೆ ತುಂಬಿದ ನಕಲು ಪ್ರತಿಗಳೂ ಹವ್ಯಾಸಿಗಳ ಹಲವು ಆಟಗಳೂ ಇನ್ನು ನಡೆಯುವುದಿಲ್ಲ. ಅವು ಬೇಕೇ ಬೇಕೆನಿಸಿದರೆ, ಯಂತ್ರವೂ ತೊಂದರೆ ಕೊಡುತ್ತಿಲ್ಲವಾದರೆ, ಅದನ್ನು ಹಾಗೆಯೇ ಬಿಡುವುದೂ ಜಾಣತನವೇ.

ಕೊನೆಯದಾಗಿ ಒಂದು ಮಾತು. ಯಂತ್ರ ಅಣ್ಣನದೋ ಅಕ್ಕನದೋ ಆಗಿದ್ದರೆ ಕೈಹಚ್ಚುವ ಮೊದಲು ಅವರಿಗೊಂದು ಫೋನು ಮಾಡಿ. ಯಾವ ಫರ್ಮ್‌ವೇರ್ ಹಾಕಿದ್ದೆವೆಂಬುದು ಅವರಿಗೆ ನೆನಪಿರಬಹುದು. ಅದರಲ್ಲಿ ಉಳಿಸಿಟ್ಟ ಆಟ ಅವರಿಗೆ ಇನ್ನೂ ಬೇಕಾಗಿರಲೂಬಹುದು.